ಡ್ರಮ್ಮಿನೊಳಗಿನ ದಿಂಬು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿದ ಯುವಕನನ್ನು ಹೆಡ್ ಕಾನ್‌ಸ್ಟೆಬಲ್ ಯಾವುದೋ ಹಳೆಯ ಕೇಸಿನ ಆರೋಪಿ ಎಂದೇ ತಿಳಿದರು. ಬೆನ್ನ ತನಕ ಕೂದಲು, ಮೈಮೇಲೆಲ್ಲ ಕಪ್ಪು ಬಟ್ಟೆ, ಅಂಗಿಯ ಮೇಲೆ ತಲೆಬುರುಡೆಯ ಚಿತ್ರ. ಆದರೆ ಬಾಯಿ ತೆರೆದರೆ ಅಳು. ಅವನು ಒಂದು ಹೆವಿ ಮೆಟಲ್ ಬ್ಯಾಂಡಿನ ಗಾಯಕ. ವೇದಿಕೆಯ ಮೇಲೆ ಗಂಟಲು ಹರಿಯುವ ಹಾಗೆ ಅಬ್ಬರಿಸುತ್ತಿದ್ದುದರಿಂದ ಗೆಳೆಯರು ಅವನನ್ನು ಗುಡುಗು ಎಂದು ಕರೆಯುತ್ತಿದ್ದರು.

"ನಮ್ಮ ಮೊದಲ ಆಲ್ಬಮ್ ಕಳುವಾಗಿದೆ ಸಾರ್. ಹಾಡೆಲ್ಲ ಒಂದು ಹಾರ್ಡ್ ಡಿಸ್ಕಲ್ಲಿತ್ತು."

"ಇನ್ನೊಂದು ಪ್ರತಿ ಇಟ್ಟಿರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಟ್ಟಿದ್ವಿ ಸಾರ್. ಅದರ ಪಕ್ಕದಲ್ಲೇ."

ಹೆಡ್ ಕಾನ್‌ಸ್ಟೆಬಲ್ ಕೆಮ್ಮಿ ನಗು ನುಂಗಿಕೊಂಡರು.

ಶುಕ್ರವಾರದೊಳಗೆ ಹಾಡುಗಳು ಆಲ್ಬಮ್ ಹೊರತರುವ ಕಂಪನಿಯ ಕೈ ಸೇರಬೇಕಿತ್ತು. ತಪ್ಪಿದರೆ ಒಪ್ಪಂದ ರದ್ದು.

"ಮತ್ತೆ ರೆಕಾರ್ಡ್ ಮಾಡ್ಕೊಳ್ಳೋಕಾಗಲ್ವಾ?"

"ನಮ್ಮ ಡ್ರಮ್ಮರ್ ಕೈ ಹೋಗಿದೆ ಸಾರ್. ಮಣಿಕಟ್ಟಿನ ನರ. ಇನ್ನು ಕೋಲು ಹಿಡಿಯೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು."

ಎಫ್‌ಐಆರ್ ದಾಖಲಾಯಿತು.

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಗೋಡೆಗಳಿಗೆ ದಪ್ಪ ಸ್ಪಂಜು ಅಂಟಿಸಿದ್ದರಿಂದ ಒಳಗೆ ಕಾಲಿಟ್ಟರೆ ಕಿವಿಗೆ ಹತ್ತಿ ತುರುಕಿದಂತಾಗುತ್ತಿತ್ತು. ಟೈರ್ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆದು ಸ್ಥಳ ಪಂಚನಾಮೆ ಶುರುಮಾಡಿದರು. ಬೀಗ ಒಡೆದಿರಲಿಲ್ಲ. ದುಬಾರಿ ಮೈಕುಗಳು, ಗಿಟಾರುಗಳು ಇದ್ದಲ್ಲೇ ಇದ್ದವು. ಕೀಲಿಕೈ ಮೂವರ ಬಳಿ ಇತ್ತು: ರೆಕಾರ್ಡಿಂಗ್ ಮಾಡುವ ಎಂಜಿನಿಯರ್, ಗುಡುಗು ಮತ್ತು ಡ್ರಮ್ಮರ್.

"ಡಿಸ್ಕಲ್ಲಿ ಏನೇನಿತ್ತು?" ಇನ್‌ಸ್ಪೆಕ್ಟರ್ ಎಂಜಿನಿಯರನ್ನು ಕೇಳಿದರು.

"ಮುಗಿದ ಹಾಡುಗಳು. ಜತೆಗೆ ಹಸಿ ರೆಕಾರ್ಡಿಂಗು. ಅಂದ್ರೆ ಇವರು ನುಡಿಸಿದ್ದು ನುಡಿಸಿದ ಹಾಗೇ."

"ಎರಡೂ ಒಂದೇ ಅಲ್ವಾ?"

"ಎಲ್ಲಿಯ ಮಾತು ಸಾರ್! ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಕಂಪ್ಯೂಟರಲ್ಲಿ ಸಾಲಿಗೆ ತರ್ತೀವಿ. ಆಮೇಲೆ ಆ ಪೆಟ್ಟು ತೆಗೆದು, ಬೇರೆ ಕಡೆ ಮಾಡಿಟ್ಟಿರೋ ಒಳ್ಳೇ ಪೆಟ್ಟು ಕೂರಿಸ್ತೀವಿ. ಈ ಸಂಗೀತದಲ್ಲಿ ಸುಮಾರು ಜನ ಹೀಗೇ ಮಾಡೋದು."

"ಹಾಗಾದ್ರೆ ಡ್ರಮ್ಮರ್ ಹೊಡೆದದ್ದು ಎಷ್ಟು ಉಳಿದಿದೆ?"

"ಒಂದೂ ಇಲ್ಲ. ಕೈ ನೋವಲ್ಲಿ ಅವನ ಪೆಟ್ಟು ಹಿಂದೆಮುಂದೆ ಆಗಿತ್ತು. ಅವನೇ ಒಪ್ಪಿದ."

"ಆ ಹಸಿ ರೆಕಾರ್ಡಿಂಗ್ ಏನ್ಮಾಡ್ತೀರಿ?"

"ಶುಕ್ರವಾರ ಅಳಿಸಿಬಿಡ್ತಿದ್ದೆ. ಡಿಸ್ಕು ಮುಂದಿನ ಬ್ಯಾಂಡಿಗೆ ಬೇಕಲ್ಲ."

ಅಷ್ಟರಲ್ಲಿ ಡ್ರಮ್ಮಿನ ಹಿಂದೆ ಬಗ್ಗಿ ನೋಡುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್‌ರ ಬೂಟು ಪೆಡಲಿನ ಮೇಲೆ ಬಿತ್ತು. ಧಮ್ಮೆಂಬ ಸದ್ದು ಕೋಣೆಯನ್ನೆಲ್ಲ ಅಲ್ಲಾಡಿಸಿತು. ಸಹಿ ಹಾಕುತ್ತಿದ್ದ ಪಂಚನ ಪೆನ್ನು ಕೈಜಾರಿತು. ಎಂಜಿನಿಯರ್ ಮಾತ್ರ ಹುಬ್ಬು ಗಂಟಿಕ್ಕಿ ಡ್ರಮ್ಮಿನ ಮುಂದಿನ ತೂತಿನೊಳಗೆ ಇಣುಕಿದ.

"ಅರೆ, ದಿಂಬೆಲ್ಲಿ?"

"ಯಾವ ದಿಂಬು?"

"ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ದಿಂಬು ಇಟ್ಟಿರ್ತೀವಿ ಸಾರ್. ಇಲ್ಲದಿದ್ರೆ ಹೀಗೇ ಊಳಿಡುತ್ತೆ. ಶನಿವಾರ ಬೀಗ ಹಾಕುವಾಗ ಇತ್ತು."

ಗುಡುಗು ತನ್ನ ಫೋನಿನಲ್ಲಿದ್ದ ಫೋಟೋ ತೋರಿಸಿದ. ಡ್ರಮ್ಮಿನೊಳಗೆ ಒಂದು ದಿಂಬು ಮುದುಡಿ ಕೂತಿತ್ತು. ಹಸಿರು ಚೀಲ, ಅಂಚಿಗೆ ಕೆಂಪು ದಾರದ ಹೊಲಿಗೆ.

"ಇಷ್ಟೆಲ್ಲ ಬಿಟ್ಟು ದಿಂಬು ಹೊತ್ಕೊಂಡು ಹೋಗಿದ್ದಾನಲ್ಲ ಸಾರ್!" ಹೆಡ್ ಕಾನ್‌ಸ್ಟೆಬಲ್ ಅಂದರು. "ಪಾಪ, ನಿದ್ದೆಗೆಟ್ಟ ಕಳ್ಳ ಇರಬೇಕು."

ಇನ್‌ಸ್ಪೆಕ್ಟರ್ ನಗಲಿಲ್ಲ. ಕಳ್ಳರು ಬೆಲೆಬಾಳುವುದನ್ನು ಒಯ್ಯುತ್ತಾರೆ. ಹಳೆಯ ದಿಂಬನ್ನು ಎತ್ತಿಕೊಳ್ಳುವವರು ಆ ದಿಂಬಿನ ಮನೆಯವರು ಮಾತ್ರ.

"ಇದು ಯಾರ ಮನೇದು?"

"ಡ್ರಮ್ಮರ್ ತಂದಿದ್ದು," ಅಂದ ಗುಡುಗು.

ಮಧ್ಯಾಹ್ನ ಎರಡಕ್ಕೆ ಜೀಪು ಡ್ರಮ್ಮರನ ಮನೆ ಮುಂದೆ ನಿಂತಿತು. ಎರಡನೇ ಮಹಡಿ, ಎರಡು ಕೋಣೆ. ಬಾಗಿಲು ತೆಗೆದವನ ಬಲಗೈಗೆ ಬೆರಳ ತನಕ ಪಟ್ಟಿ ಕಟ್ಟಿತ್ತು.

"ಭಾನುವಾರ ಎಲ್ಲಿದ್ದೆ?"

"ಆಸ್ಪತ್ರೇಲಿ ಸಾರ್. ಶನಿವಾರ ಸೇರಿಸ್ಕೊಂಡ್ರು, ಇವತ್ತು ಬೆಳಿಗ್ಗೆ ಬಿಟ್ರು."

"ಸ್ಟುಡಿಯೋ ಕೀಲಿಕೈ?"

"ಅಗೋ, ಬಾಗಿಲ ಹಿಂದಿನ ಮೊಳೆಗೆ ನೇತಾಕಿದೀನಿ."

"ಆಲ್ಬಮ್ಮಲ್ಲಿ ನಿನ್ನ ಪೆಟ್ಟು ಒಂದೂ ಇಲ್ಲವಂತೆ. ಬೇಜಾರಾಗಲಿಲ್ವಾ?"

ಅವನು ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಮೆಲ್ಲಗೆ ಸಾರ್, ಅಕ್ಕಂಗೆ ಗೊತ್ತಿಲ್ಲ. ನನ್ನ ಕೈಯಿಂದ ಎಲ್ಲರ ಆಲ್ಬಮ್ ಹಾಳಾಗೋದು ಬೇಡ ಅಂತ ಒಪ್ಕೊಂಡೆ."

"ಸಾರ್, ಇಲ್ಲಿ ಬನ್ನಿ," ಮಹಿಳಾ ಕಾನ್‌ಸ್ಟೆಬಲ್ ಬಾಲ್ಕನಿಯಿಂದ ಕರೆದರು.

ಕಟಕಟೆಯ ಮೇಲೆ ಬಿಸಿಲಿಗೆ ಒಂದು ದಿಂಬು ಒಣಗುತ್ತಿತ್ತು. ಪಕ್ಕದ ಹಗ್ಗದಲ್ಲಿ ಒಗೆದು ಹಾಕಿದ ಹಸಿರು ಚೀಲ, ಅಂಚಿಗೆ ಕೆಂಪು ದಾರ.

ಸೆರಗಿಗೆ ಕೈ ಒರೆಸುತ್ತ ಅಕ್ಕ ಬಂದಳು. ದೊಡ್ಡ ಲಾಡ್ಜೊಂದರಲ್ಲಿ ಹಾಸಿಗೆ ಬಟ್ಟೆಗಳ ಒಗೆತ ನೋಡಿಕೊಳ್ಳುವ ಕೆಲಸ ಅವಳದು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದ್ದೂ ಅವಳೇ.

"ಈ ದಿಂಬು ಯಾರದಮ್ಮಾ?"

"ನಮ್ಮನೇದೇ."

"ಗೊತ್ತು. ಮನೆಗೆ ಯಾವಾಗ ವಾಪಸ್ ಬಂತು?"

ಇನ್‌ಸ್ಪೆಕ್ಟರ್ ಗುಡುಗು ಕಳಿಸಿದ್ದ ಫೋಟೋವನ್ನು ಅವಳ ಮುಂದೆ ಹಿಡಿದರು. ಅದನ್ನು ಕಂಡದ್ದೇ ಅವಳಿಗೆ ಸಿಟ್ಟು ನೆತ್ತಿಗೇರಿತು, ಪೊಲೀಸರ ಮೇಲಲ್ಲ, ತಮ್ಮನ ಮೇಲೆ.

"ಇದಕ್ಕೋಸ್ಕರ ಮನೆಯೆಲ್ಲ ಜಾಲಾಡಿದೀನಿ ಸಾರ್. ಕೇಳಿದ್ರೆ ಗೊತ್ತೇ ಇಲ್ಲ ಅಂದ. ಅಲ್ಲಿ ಹೋಗಿ ನೋಡಿದ್ರೆ ಡ್ರಮ್ಮಿನ ಹೊಟ್ಟೇಲಿ ತುರುಕಿಟ್ಟಿದಾನೆ, ಧೂಳು ಹಿಡಿದು! ಹೇಗೆ ಬಿಟ್ಟು ಬರಲಿ?"

"ಅಕ್ಕಾ!" ಎಂದ ತಮ್ಮ. ಅಷ್ಟು ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಇಸ್ತ್ರಿಪೆಟ್ಟಿಗೆಯ ಹಳೆಯ ಡಬ್ಬದಲ್ಲಿ ಎರಡೂ ಡಿಸ್ಕುಗಳು ಸಿಕ್ಕವು. ಮೆತ್ತನೆಯ ಟವೆಲಿನಲ್ಲಿ ಸುತ್ತಿ ಇಟ್ಟಿದ್ದಳು. ಅವಳ ಹೇಳಿಕೆಯನ್ನು ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡರು.

"ಇವನ ಡ್ರಮ್ಮಿನ ಕಾಟ ಗೋಡೆಯಾಚೆ ವರ್ಷಗಟ್ಟಲೆ ಅನುಭವಿಸಿದೀನಿ ಸಾರ್. ತಲೆ ಚಿಟ್ಟು ಹಿಡಿದು ಬಾಯಿಗೆ ಬಂದ ಹಾಗೆ ಬೈದಿದೀನಿ. ಮೊನ್ನೆ ಹಾಡು ಮುಗೀತು ಅಂತ ಫೋನಲ್ಲಿ ಕೇಳಿಸಿದ. ಇದು ನೀನಲ್ಲ ಕಣೋ ಅಂದೆ. ನಾನೇ ಅಕ್ಕ ಅಂತ ನಕ್ಕ. ಇವನು ಕೊನೇ ಪೆಟ್ಟು ಹೊಡೆಯೋಕೆ ಮುಂಚೆ ಒಂಚೂರು ತಡೀತಾನೆ, ಉಸಿರು ಎಳ್ಕೊಳ್ಳೋ ಹಾಗೆ. ಅದು ಎಲ್ಲೂ ಇರಲಿಲ್ಲ. ಸ್ಟುಡಿಯೋದವರನ್ನ ಕೇಳಿದೆ, ಇವನು ನುಡಿಸಿದ್ದು ನಂಗೊಂದು ಪ್ರತಿ ಕೊಡಿ ಅಂತ. ಆ ಕಸ ಯಾಕಮ್ಮಾ, ಶುಕ್ರವಾರ ಅಳಿಸ್ತೀವಿ ಅಂದ್ರು. ನಿನ್ನೆ ಮೊಳೆಯಲ್ಲಿದ್ದ ಕೀಲಿಕೈ ತಗೊಂಡು ಹೋಗಿ ಎರಡೂ ಡಿಸ್ಕು ತಂದೆ. ಇನ್ನು ಇವನು ನುಡಿಸೋದೂ ಇಲ್ಲ. ಇವನ ಕೈ ಉಳಿದಿರೋದು ಅದರಲ್ಲಿ ಮಾತ್ರ ಸಾರ್."

ತಮ್ಮ ಗೋಡೆಯ ಕಡೆ ತಿರುಗಿ ಅತ್ತ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ.

ಬಂಧನದ ಕಾರಣವನ್ನು ಇನ್‌ಸ್ಪೆಕ್ಟರ್ ಓದಿ ಹೇಳಿದರು. ಕೋರ್ಟಿನ ಅನುಮತಿ ಪಡೆದು ಮುಗಿದ ಹಾಡುಗಳ ಪ್ರತಿಯನ್ನು ಶುಕ್ರವಾರದೊಳಗೆ ಬ್ಯಾಂಡಿಗೆ ಕೊಡಿಸುವುದಾಗಿಯೂ ತಿಳಿಸಿದರು.

"ಡಿಸ್ಕು ಸ್ಟುಡಿಯೋಗೆ ವಾಪಸ್ ಹೋಗುತ್ತಾ?" ಅವಳು ಕೇಳಿದಳು.

"ಇಲ್ಲ. ಜಪ್ತಿಯಾದ ಮೇಲೆ ಅದು ಮುದ್ದೆಮಾಲು, ಕೇಸಿನ ಸಾಕ್ಷಿ. ಸೀಲ್ ಹಾಕಿ ಇಡ್ತೀವಿ. ಕೇಸ್ ಮುಗಿಯೋ ತನಕ ಅದರಲ್ಲಿರೋದನ್ನ ಯಾರೂ ಅಳಿಸೋ ಹಾಗಿಲ್ಲ."

"ಕೇಸ್ ಯಾವಾಗ ಮುಗಿಯುತ್ತೆ?"

"ನಿಮ್ಮ ತಮ್ಮನ ತಲೆ ನರೆಯೋ ಹೊತ್ತಿಗೆ ಮುಗಿದರೆ ಪುಣ್ಯ," ಅಂದರು ಹೆಡ್ ಕಾನ್‌ಸ್ಟೆಬಲ್.

ಅವಳು ಚಪ್ಪಲಿ ಮೆಟ್ಟಿಕೊಂಡಳು. "ಹಾಗಾದ್ರೆ ನಡೀರಿ."

ಮಹಿಳಾ ಕಾನ್‌ಸ್ಟೆಬಲ್ ದಿಂಬಿಗೆ ಕೈ ಹಾಕಿದಾಗ ಮಾತ್ರ ಅವಳ ಮುಖ ಸಣ್ಣಗಾಯಿತು. "ಅದೂ ಮುದ್ದೆಮಾಲಾ? ಇನ್ನೂ ಒದ್ದೆಯಿದೆ ಸಾರ್. ಹಾಗೇ ಕಟ್ಟಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತೆ."

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು. ಆಮೇಲೆ ಬಾಲ್ಕನಿಯ ಬಿಸಿಲು ನೋಡಿ ಕುರ್ಚಿ ಎಳೆದುಕೊಂಡು ಕೂತರು.

ಅಕ್ಕ ತಮ್ಮ ಹೊಸ್ತಿಲ ಬಳಿ ನೆಲದ ಮೇಲೆ ಕೂತರು. ಅವನ ಎಡಗೈ ತನ್ನಷ್ಟಕ್ಕೆ ನೆಲವನ್ನು ತಟ್ಟತೊಡಗಿತು. ಅವಳು ನಿಲ್ಲಿಸು ಅನ್ನಲಿಲ್ಲ.

ಪಂಚನಾಮೆಯಲ್ಲಿ ದಿಂಬನ್ನು ಜಪ್ತಿ ಮಾಡಿದ ಸಮಯ ಸಂಜೆ ನಾಲ್ಕೂವರೆ ಎಂದಿದೆ. ಆ ಹೊತ್ತಿಗೆ ಅದು ಪೂರ್ತಿ ಒಣಗಿತ್ತು.