ಆಮೆ ನಡಿಗೆಯ ಕಳ್ಳ

ಸೋಮವಾರ ಮಧ್ಯಾಹ್ನ 12.40ಕ್ಕೆ ಪಶುವೈದ್ಯೆ ಠಾಣೆಗೆ ಬಂದರು. ದನದ ಕಾಲಿಗೆ ಪಟ್ಟಿ ಹಾಕುವಾಗ ಕೈಗೆ ಮೆತ್ತಿದ್ದ ಪ್ಲಾಸ್ಟರ್ ಪುಡಿಯನ್ನೂ ತೊಳೆದಿರಲಿಲ್ಲ.

"ಆಸ್ಪತ್ರೆ ಮುಂದೆ ನಿಲ್ಲಿಸಿದ್ದ ನನ್ನ ಜೀಪು ಕಳುವಾಗಿದೆ, ಸರ್."

"ಹೊಸದಾ?"

"ಸೆಕೆಂಡ್ ಹ್ಯಾಂಡ್. ಫೋರ್ ವೀಲ್ ಡ್ರೈವ್. ಹೋದ ವಾರ ತಗೊಂಡೆ. ಗುಡ್ಡದ ಮೇಲಿನ ದನಗಳಿಗೆ ಇನ್ನು ಡಾಕ್ಟರೇ ಬರ್ತಾರೆ ಅಂತ ಎಲ್ಲರ ಹತ್ರ ಕೊಚ್ಚಿಕೊಂಡಿದ್ದೆ. ಇವತ್ತು ಊಟ ಆದ್ಮೇಲೆ ಹೊರಡಬೇಕಿತ್ತು."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಪಶು ಆಸ್ಪತ್ರೆಗೆ ಹೋದರು. ಸ್ಥಳ ಪಂಚನಾಮೆ ನಡೆಯಿತು. ಗಾಜಿನ ಚೂರಿರಲಿಲ್ಲ; ವೈದ್ಯೆಯ ಕೀ ಅವರ ಬಳಿಯೇ ಇತ್ತು. ಜೀಪು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಒದ್ದೆ ಕಲೆಯಿತ್ತು. ಕಾನ್‌ಸ್ಟೆಬಲ್ ಬೆರಳಿಗೆ ಹಚ್ಚಿ ಮೂಸಿದಳು.

"ಬ್ರೇಕ್ ಆಯಿಲ್, ಸರ್."

ಎದುರಂಗಡಿಯ ದರ್ಜಿ ಸಾಕ್ಷಿ ಹೇಳಿದ. "ಕದ್ದು ಓಡೋನ ಥರ ಇರಲಿಲ್ಲ ಬಿಡಿ. ಆಮೆ ಹಾಗೆ ತೆವಳಿಕೊಂಡು ಹೋದ. ಮುಖ ಕಾಣಲಿಲ್ಲ."

ಇನ್ಸ್‌ಪೆಕ್ಟರ್ ವೈದ್ಯೆಯತ್ತ ತಿರುಗಿದರು. "ಬ್ರೇಕ್ ತೊಂದರೆ ಇತ್ತಾ?"

"ಪೆಡಲ್ ಸ್ವಲ್ಪ ಕೆಳಗಿಳೀತಿತ್ತು. ಬೆಳಿಗ್ಗೆ ಗ್ಯಾರೇಜ್ ಮೇಸ್ತ್ರಿಗೆ ಫೋನ್ ಮಾಡಿದೆ. ಹಳೇ ಗಾಡಿ, ಹಾಗೇ ಇರುತ್ತೆ ಅಂದ್ರು."

ಜೀಪು ಮಾರಿದ ಕಂಟ್ರಾಕ್ಟರನನ್ನು ವಿಚಾರಿಸಿದರು.

"ಎರಡನೇ ಕೀ ಎಲ್ಲಿ?"

"ಮಾರೋ ಮುಂಚೆ ಮೇಸ್ತ್ರಿ ಹತ್ರ ರಿಪೇರಿಗೆ ಬಿಟ್ಟಿದ್ದೆ. ಕೀ ಇಸ್ಕೊಳ್ಳೋದೇ ಮರೆತೆ."

ಮೇಸ್ತ್ರಿಯ ಗ್ಯಾರೇಜು ಎರಡು ಬೀದಿಯಾಚೆ. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಜೀಪಿನ ಹಿಂದಿನ ಚಕ್ರ ಕಳಚಿತ್ತು. ಅದರಡಿಯಿಂದ ಎರಡು ಕಾಲು ಹೊರಚಾಚಿದ್ದವು.

"ಹೊರಗೆ ಬನ್ನಿ, ಮೇಸ್ತ್ರಿ."

"ಒಂದೇ ಒಂದು ನಟ್ಟು ಬಾಕಿ, ಸರ್. ಬಿಗಿ ಮಾಡಿ ಬರ್ತೀನಿ."

ಇನ್ಸ್‌ಪೆಕ್ಟರ್ ಕಾದರು. ನರೆತ ತಲೆಯ ಮೇಸ್ತ್ರಿ ಎದ್ದುಬಂದು ಕೈ ಒರೆಸಿಕೊಂಡ.

"ಯಾಕೆ ಕದ್ದಿರಿ?"

"ಆವತ್ತು ರಿಪೇರಿಗೆ ಬಂದಾಗ ಹೊಸ ಬ್ರೇಕ್ ಪೈಪ್ ಸಿಗದೆ ಹಳೇದನ್ನೇ ಹಾಕಿದ್ದೆ. ಡಾಕ್ಟರಮ್ಮನ ಫೋನ್ ಇಟ್ಟ ಮೇಲೆ ನೆನಪಾಯ್ತು. ಗುಡ್ಡದ ಇಳಿಜಾರು ಕಣ್ಣಿಗೆ ಕಟ್ಟಿತು."

"ತಿರುಗಿ ಫೋನ್ ಮಾಡಬಹುದಿತ್ತಲ್ಲ?"

"ಈ ಊರಲ್ಲಿ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿದವರಿಲ್ಲ. ತಪ್ಪಾಯ್ತು ಅನ್ನೋಕೆ ನಾಲಿಗೆ ಏಳಲಿಲ್ಲ."

"ಅದಕ್ಕೆ ಗಾಡಿ ಎಬ್ಬಿಸಿಬಿಟ್ರಾ?"

"ಸರಿಮಾಡಿ ಸಂಜೆಯೊಳಗೆ ಅಲ್ಲೇ ನಿಲ್ಲಿಸಿ ಬರೋಣ ಅಂತಿದ್ದೆ."

ಸುದ್ದಿ ತಿಳಿದು ವೈದ್ಯೆ ಓಡಿಬಂದರು. "ಕೇಸ್ ಬೇಡ, ಸರ್."

"ಎಫ್‌ಐಆರ್ ಆಗಿದೆ, ಮೇಡಂ. ಇನ್ನು ಕೋರ್ಟು ನೋಡ್ಕೊಳ್ಳುತ್ತೆ."

ಜೀಪು ಜಪ್ತಿಯಾಯಿತು. 4.15ಕ್ಕೆ ಮೇಸ್ತ್ರಿಯ ಬಂಧನವಾಯಿತು. ಅಷ್ಟರಲ್ಲಿ ಬೀದಿಯವರೆಲ್ಲ ಗ್ಯಾರೇಜಿನ ಮುಂದೆ ಸೇರಿದ್ದರು. ಮೇಸ್ತ್ರಿ ತಲೆ ತಗ್ಗಿಸಿ ಹೊಸ್ತಿಲವರೆಗೆ ಬಂದವನು ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

"ಹಾಳು ಪೈಪ್ ಹಾಕಿದ್ದು ನಾನೇ, ಡಾಕ್ಟರಮ್ಮ. ಈಗ ಸರಿಮಾಡಿದೀನಿ. ಗಾಡಿ ಕೈಗೆ ಬಂದ್ಮೇಲೆ ಧೈರ್ಯವಾಗಿ ಗುಡ್ಡ ಹತ್ತಿಸಿ."

ಆಮೇಲೆ ಯಾರ ಆಸರೆಯೂ ಬೇಡವೆಂದು, ನೆಟ್ಟಗೆ ನಡೆದು ಪೊಲೀಸ್ ಜೀಪು ಹತ್ತಿದ.

ಕೇಸ್ ಡೈರಿಯ 'ಕೃತ್ಯದ ಉದ್ದೇಶ' ಎಂಬಲ್ಲಿ ಇನ್ಸ್‌ಪೆಕ್ಟರ್ 'ದುರಾಸೆ' ಎಂದು ಬರೆಯಲಿಲ್ಲ. 'ಕೆಲಸದ ಅಭಿಮಾನ' ಎಂದು ಬರೆದು ಸಹಿ ಹಾಕಿದರು.