ತಿರುಗಿ ಬಂದ ಓಲೆಕೊಡೆ

ತುಲಾ ತಿಂಗಳು. ಬೆಳಗ್ಗೆ ಬಿಸಿಲು, ಮಧ್ಯಾಹ್ನವಾದರೆ ಗುಡುಗು, ಮಳೆ. ಹೊಳೆಯ ದಂಡೆಯಲ್ಲಿ ಪಕ್ಕದ ಮನೆಯ ಅಜ್ಜಿ, ಕಾರ್ತ್ಯಾಯನಿ ಅಮ್ಮೂಮ್ಮ, ಆಗಲೇ ನಾರಿಗಾಗಿ ತೆಂಗಿನ ಸಿಪ್ಪೆ ಬಡಿಯಲು ಕೂತಿದ್ದಳು. ಟಪ್, ಟಪ್ ಎಂಬ ಸದ್ದು ನೀರಿನ ಮೇಲೆ ಹಾದು ಬರುತ್ತಿತ್ತು.

ಹೊಳೆಯ ಸ್ವಲ್ಪ ಮೇಲ್ಗಡೆ, ತಮ್ಮ ಮನೆಯ ಮೆಟ್ಟಿಲಲ್ಲಿ ಕೂತು ಇಂದುಮತಿ ಮುರಿದ ಓಲೆಕೊಡೆಯನ್ನು ಮೆಲ್ಲಗೆ ಹೊಳೆಗೆ ಬಿಟ್ಟಳು.

ಟೋಪಿಯ ಹಾಗೆ ತಲೆಗೆ ಇಟ್ಟುಕೊಳ್ಳುವ ಕೊಡೆ ಅದು. ಅಮ್ಮೂಮ್ಮನಿಗೆ ಇದ್ದದ್ದು ಅದೊಂದೇ. ನಿನ್ನೆ ಮಳೆಯಲ್ಲಿ ನೆನೆಯುತ್ತಿದ್ದ ಇಂದುವಿಗೆ ಅದನ್ನು ಕೊಟ್ಟು ಕಳಿಸಿದ್ದಳು. ಮನೆಗೆ ಬಂದ ಇಂದು ಸ್ಕೂಲ್ ಬ್ಯಾಗನ್ನು ಅದರ ಮೇಲೆಯೇ ಎಸೆದಳು. ಎರಡು ಕಡ್ಡಿ ಮುರಿದವು.

ಅಪ್ಪನಿಗೆ ಕೊಚ್ಚಿಗೆ ಟ್ರಾನ್ಸ್‌ಫರ್ ಆಗಿ ಎರಡೇ ತಿಂಗಳಾಗಿತ್ತು. ಅವರ ಊರು ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಬಿಟ್ಟದ್ದು ಯಾವತ್ತೂ ವಾಪಸ್ ಬಂದಿರಲಿಲ್ಲ.

ಸ್ಕೂಲಿಗೆ ಹೋಗುವಾಗ ಅಮ್ಮೂಮ್ಮ ಕೊಡೆ ಎಲ್ಲಿ ಎಂದು ಕೇಳಿದಳು. ಗಾಳಿಗೆ ಹಾರಿಹೋಯಿತು ಎಂದಳು ಇಂದು, ತನಗೆ ಬರುವಷ್ಟು ಮಲಯಾಳದಲ್ಲಿ.

"ನಿನ್ನೆ ಗಾಳಿ ಎಲ್ಲಿತ್ತು, ಮಗಳೇ? ನಿಮ್ಮ ಮನೆಯೊಳಗೆ ಮಾತ್ರ ಬೀಸಿತೇನೋ" ಅಂದು ಅಮ್ಮೂಮ್ಮ ಮತ್ತೆ ಸಿಪ್ಪೆ ಬಡಿಯತೊಡಗಿದಳು.

ಮಧ್ಯಾಹ್ನ ಮಳೆ ಸುರಿಯಿತು. ಲೆಕ್ಕದ ಪೀರಿಯಡ್ ಪೂರ್ತಿ ಇಂದು ಕಿಟಕಿಯ ಕಡೆಗೇ ನೋಡುತ್ತಿದ್ದಳು.

ಸಂಜೆ ಮಳೆ ನಿಂತಿತ್ತು. ಟಪ್ ಟಪ್ ಸದ್ದಿರಲಿಲ್ಲ. ಎರಡೂ ದಡದ ಮರಗಳು ಬೇರು ಇಳಿಬಿಟ್ಟು ಹೊಳೆಯ ಮೇಲೆ ಬಾಗಿದ್ದವು. ಕೆಳಗೆ ನೀರು ಕಪ್ಪಾಗಿ, ಉಸಿರು ಹಿಡಿದ ಹಾಗೆ ಇತ್ತು. ಇಂದು ಮೆಟ್ಟಿಲಿಗೆ ಕಾಲು ತೊಳೆಯಲು ಇಳಿದಳು.

ಆಗ ಕೊಡೆ ಬಂತು.

ಕಡಲಿನ ಕಡೆಯಿಂದ, ಹೊಳೆಯ ಮೇಲ್ಗಡೆಗೆ. ನೀರಿನಡಿ ಯಾರೋ ಅದನ್ನು ತಲೆಗೆ ಇಟ್ಟುಕೊಂಡು ನಡೆದು ಬರುತ್ತಿದ್ದ ಹಾಗೆ. ಒಂದು ಬೇರಿನ ಬಳಿ ನಿಂತಿತು. ಯಾರನ್ನೋ ಹುಡುಕುವಂತೆ ತಿರುಗಿತು. ಆಮೇಲೆ ನೇರ ಅವಳ ಮೆಟ್ಟಿಲಿಗೇ ಬಂತು.

ಇಂದು ಒಂದು ಮೆಟ್ಟಿಲು ಹಿಂದೆ ಸರಿದಳು. ಕೊಡೆ ಮೆಟ್ಟಿಲನ್ನು ಮೆಲ್ಲಗೆ ತಟ್ಟಿತು. ಮತ್ತೊಮ್ಮೆ ತಟ್ಟಿತು. ಕಣ್ಣು ಮುಚ್ಚಿಕೊಂಡು ಅವಳು ಅದನ್ನು ಎತ್ತಿದಳು. ಅಡಿಯಲ್ಲಿ ಯಾರೂ ಇರಲಿಲ್ಲ.

ಅಮ್ಮೂಮ್ಮ ತನ್ನ ಜಗಲಿಯಲ್ಲಿ ಒದ್ದೆ ಕೂದಲು ಹರಡಿಕೊಂಡು ಕೂತಿದ್ದಳು. ಇಂದು ಕೊಡೆಯನ್ನು ಮುಂದಿಟ್ಟಳು.

"ಗಾಳಿ ಅಲ್ಲ. ನಾನೇ ಮುರಿದದ್ದು. ನಾನೇ ಬಿಟ್ಟದ್ದು."

"ಕಡಲು ಏರಿದರೆ ನಮ್ಮ ಹೊಳೆ ಹಿಂದಕ್ಕೆ ಹರಿಯುತ್ತೆ" ಅಂದಳು ಅಮ್ಮೂಮ್ಮ. "ಇದು ಹೋಗುವಾಗಲೂ ನೋಡಿದೆ. ಬರುವಾಗಲೂ ನೋಡಿದೆ."

"ಮತ್ತೆ ಯಾಕೆ ಹಿಡೀಲಿಲ್ಲ?"

ಅಮ್ಮೂಮ್ಮ ಕೊಡೆಯನ್ನು ಮಡಿಲಿಗೆ ಎಳೆದುಕೊಂಡಳು. ನಾರಿನ ಹುರಿ ತೆಗೆದು, ಕಡ್ಡಿ ಹಿಡಿದುಕೋ ಎಂದು ಸನ್ನೆ ಮಾಡಿದಳು.

ಗಂಟು ಬಿಗಿಯುವವರೆಗೂ ಇಂದು ಬಿಗಿಯಾಗಿ ಹಿಡಿದುಕೊಂಡಳು. ಎದುರಿಗೆ ಹೊಳೆ ಸದ್ದಿಲ್ಲದೆ ಹಿಂದಕ್ಕೆ ಹರಿಯುತ್ತಲೇ ಇತ್ತು. ಅವಳು ಕಣ್ಣು ಮುಚ್ಚಲಿಲ್ಲ.