ಮೇಲೇಳದ ಹಸಿರು ಗೆರೆ

"ಅಕ್ಕನ ಮಗ ಅಂತ ವ್ಯಾನ್ ಕೊಟ್ಟೆ, ರೋಗಿಗಳ ಔಷಧೀನೇ ಮಾರ್ಕೊಂಡ. ಹೆತ್ತವಳು ತಲೆ ಎತ್ತಿ ಓಡಾಡೋ ಹಾಗಿಲ್ಲ," ಎಂದರು ಔಷಧಿ ಗೋದಾಮಿನ ಮ್ಯಾನೇಜರ್, ಲೋಡರುಗಳೆಲ್ಲರ ಎದುರು.

ಡ್ರೈವರನ ಮೈಯೆಲ್ಲ ಉರಿದುಹೋಯಿತು. ಬೈದವರು ಸ್ವಂತ ಸೋದರಮಾವ. ಬೆಳಿಗ್ಗೆ ಅವನು ತಲುಪಿಸಿದ್ದ ಇನ್ಸುಲಿನ್ ಪೆಟ್ಟಿಗೆಯನ್ನು ಬಿಸಿ ತಾಗಿ ಕೆಟ್ಟಿದೆಯೆಂದು ಆಸ್ಪತ್ರೆಯವರು ವಾಪಸು ಕಳಿಸಿದ್ದರು. ಅದರೊಳಗಿರಬೇಕಿದ್ದ ಸೆನ್ಸರ್ ನಾಪತ್ತೆ.

ಕಂಪನಿಯ ಪತ್ತೇದಾರಿಣಿ ಕೋಲ್ಡ್ ರೂಮಿನ ಬಾಗಿಲಲ್ಲಿ ಬಿದ್ದಿದ್ದ ಮೆಕ್ಯಾನಿಕ್‌ನ ಸ್ಪ್ಯಾನರ್ ದಾಟಿ ಬಂದರು. ಎಲ್ಲರ ಬಾಯಲ್ಲೂ ಅವರು ಕನ್ನಡಕದಕ್ಕ. ಗೋಡೆಯ ಪರದೆಯತ್ತ ನೋಡಿದರು. ಬೆಂಕಿಪೊಟ್ಟಣದಷ್ಟಿದ್ದ ಆ ಸೆನ್ಸರ್ ತಾನಿದ್ದ ಕಡೆಯ ಶಾಖವನ್ನು ಆಗಿಂದಾಗಲೇ ಪರದೆಗೆ ಕಳಿಸುತ್ತಿತ್ತು. ಜಾಗ ಮಾತ್ರ ಹೇಳುತ್ತಿರಲಿಲ್ಲ. ಬೆಳಿಗ್ಗೆಯಿಂದಲೂ ಹಸಿರು ಗೆರೆ ನೇರವಾಗಿ, ತಣ್ಣಗೆ ಸಾಗಿತ್ತು.

"ನೋಡಿ, ಈಗಲೂ ತಂಪಾಗಿದೆ. ಒಳ್ಳೆ ಮಾಲನ್ನ ಸೆನ್ಸರ್ ಸಮೇತ ಬಚ್ಚಿಟ್ಟು ಕೆಟ್ಟದ್ದು ಕೊಟ್ಟಿದಾನೆ," ಎಂದರು ಮಾವ.

"ದಾರೀಲಿ ತಂಪು ವ್ಯಾನ್ ಬಾಗಿಲು ತೆಗೆದ್ಯಾ ತಮ್ಮಾ?" ಎಂದು ಕನ್ನಡಕದಕ್ಕ ಡ್ರೈವರನನ್ನು ಕೇಳಿದರು.

"ಅಂಗಡಿ ಅಂಗಡಿಗೂ ಇಳಿಸ್ಕೊಂಡೇ ಹೋದೆ ಅಕ್ಕಾ."

"ಸರಿ. ಗಂಟಲು ಒಣಗಿದೆ. ಸಾಹೇಬ್ರೇ, ನಿಮ್ಮ ಫ್ರಿಜ್ಜಿಂದ ಒಂದು ಬಾಟಲಿ ತಣ್ಣೀರು?"

"ಆ ಫ್ರಿಜ್ಜಿಗೆ ಬ್ಯಾಂಕ್ ಲಾಕರಿಗಿಂತ ಕಾವಲು ಜಾಸ್ತಿ ಅಕ್ಕಾ. ಬೀಗದ ಕೈ ಅವರ ಜೇಬಲ್ಲೇ," ಎಂದ ಒಬ್ಬ ಲೋಡರ್. ನಗು ಹಬ್ಬಿತು. ಮಾವ ತಡವರಿಸಿದರು, ಕೊನೆಗೆ ತಮ್ಮ ಕೋಣೆಗೆ ಹೋದರು. ಫ್ರಿಜ್ ತೆರೆದ ಸದ್ದಾಯಿತು.

ಪರದೆಯ ಗೆರೆ ಮೇಲೆದ್ದಿತು.

ಬಾಟಲಿ ಹಿಡಿದು ಬಂದ ಮಾವ ಎಲ್ಲರ ಮುಖ ನೋಡಿ, ಪರದೆ ನೋಡಿ, ಬಿಳುಚಿಕೊಂಡರು.

"ವ್ಯಾನ್ ಬಾಗಿಲು ತೆಗೆದಾಗೆಲ್ಲ ಗೆರೆ ಹೀಗೇ ಏಳಬೇಕಿತ್ತು," ಎಂದರು ಕನ್ನಡಕದಕ್ಕ. "ಏಳಲೇ ಇಲ್ಲ. ಅಂದ್ರೆ ಸೆನ್ಸರ್ ವ್ಯಾನ್ ಹತ್ತಿಲ್ಲ. ಪೆಟ್ಟಿಗೆಗೆ ಸೀಲ್ ಹಾಕೋರು ನೀವು, ಫ್ರಿಜ್ಜಿನ ಬೀಗವೂ ನಿಮ್ಮದೇ. ಕೋಲ್ಡ್ ರೂಮ್ ಬಾಗಿಲಲ್ಲಿ ರಿಪೇರಿ ಸ್ಪ್ಯಾನರ್ ಬಿದ್ದಿದೆ, ಅಂದ್ರೆ ಅದು ಕೆಟ್ಟು ಮಾಲು ಇಲ್ಲೇ ಬಿಸಿಯಾಯ್ತು. ಬಿಸಿಯೇರಿ ಗೆರೆ ಕೆಂಪಾದ್ರೆ ಹೆಡ್ಡಾಫೀಸಿಗೆ ತಕ್ಷಣ ಗೊತ್ತಾಗುತ್ತೆ. ಅದಕ್ಕೆ ಸೆನ್ಸರನ್ನ ಮಾತ್ರ ತಂಪಲ್ಲಿಟ್ರಿ, ಕೆಟ್ಟ ಔಷಧಿ ಕಳಿಸಿಬಿಟ್ರಿ. ಈ ಸೆನ್ಸರ್ ಇಲ್ಲದ ಕಾಲವಾಗಿದ್ರೆ ಈ ಹುಡುಗ ಇಷ್ಟೊತ್ತಿಗೆ ಸ್ಟೇಷನ್ನಲ್ಲಿರ್ತಿದ್ದ. ನೀವು ಬಚ್ಚಿಟ್ಟ ಸೆನ್ಸರೇ ಅವನ ಪರ ಸಾಕ್ಷಿ ಹೇಳ್ತು."

ಡ್ರೈವರನ ಅಮ್ಮ ದಿನಾ ಚುಚ್ಚಿಕೊಳ್ಳುತ್ತಿದ್ದುದು ಅದೇ ಆಸ್ಪತ್ರೆಯ ಇನ್ಸುಲಿನ್. ಅದು ಮಾವನಿಗೂ ಗೊತ್ತಿತ್ತು.

"ಅಳಿಯಾ, ನಿಮ್ಮಮ್ಮಂಗೆ ಹೇಳ್ಬೇಡ ಕಣೋ. ನಿನ್ನ ಕೆಲಸಕ್ಕೆ ಏನೂ ಆಗಲ್ಲ."

ಅವನು ವ್ಯಾನಿನ ಕೀಯನ್ನು ಕೆಟ್ಟ ಪೆಟ್ಟಿಗೆಯ ಮೇಲಿಟ್ಟು, ತಿರುಗಿಯೂ ನೋಡದೆ ಹೊರಟುಹೋದ.